ಏಳನೆಯ ತಾತನ ಹೆಸರು

ಆ ಚಳಿಗಾಲ ಇಶೆನಾಲಿಗೆ ಮಾತೇ ಬೇಡವಾಗಿತ್ತು. ಬೆಳಗಿನ ಐದಕ್ಕೆ ಎದ್ದು ಶಾಲೆಯ ಒಲೆಮನೆಗೆ ಹೋಗಬೇಕು. ಸಲಿಕೆಯಲ್ಲಿ ಕಲ್ಲಿದ್ದಲು ಎತ್ತೆತ್ತಿ ಹಾಕಿ, ಮಕ್ಕಳು ಬರುವ ಹೊತ್ತಿಗೆ ಕೋಣೆಗಳನ್ನು ಬೆಚ್ಚಗೆ ಮಾಡಬೇಕು. ಮಧ್ಯಾಹ್ನ ಮನೆಗೆ ಬಂದು ಎಷ್ಟು ತಿಕ್ಕಿದರೂ ಉಗುರ ಸಂದಿನ ಮಸಿ ಹೋಗುತ್ತಿರಲಿಲ್ಲ. ವಯಸ್ಸು ಐವತ್ತೊಂಬತ್ತು. ಸೊಂಟ ಬಗ್ಗಿದರೆ ಏಳಲು ಒಲ್ಲೆ ಅನ್ನುತ್ತಿತ್ತು, ಎದ್ದರೆ ಬಗ್ಗಲು ಒಲ್ಲೆ ಅನ್ನುತ್ತಿತ್ತು.

ಇದರ ಮೇಲೆ ಸಭೆಯ ಭಾರ. ಕಾರಾ-ಬುಲುನ್ ಊರಲ್ಲಿ ಯೇಸುವನ್ನು ನಂಬಿದವರು, ಅವನೂ ಅವನ ಹೆಂಡತಿ ಸೊನುನ್‌ಳೂ ಸೇರಿ, ಹನ್ನೊಂದೇ ಜನ. ಭಾನುವಾರ ಅವನ ಮನೆಯ ದೊಡ್ಡ ಕೋಣೆಯಲ್ಲಿ ಕಂಬಳಿಯ ಮೇಲೆ ಸುತ್ತ ಕೂತು ಹಾಡಿ, ಪ್ರಾರ್ಥಿಸಿ, ಚಹಾ ಕುಡಿದು ಹೋಗುತ್ತಿದ್ದರು. ಮೊದಲು ಇದನ್ನು ನಡೆಸುತ್ತಿದ್ದವರು ಬೇರೆ. ಅವರು ದೇಶ ಬಿಟ್ಟು ಹೋಗುವಾಗ, "ಇಶೆನಾಲಿ, ನೀನು ಸ್ವಲ್ಪ ನೋಡ್ಕೋ" ಅಂದು ಹೋದರು. ಆ ಸ್ವಲ್ಪಕ್ಕೆ ಒಂಬತ್ತು ವರ್ಷ ತುಂಬಿತ್ತು. ಎಂಟನೆಯ ಕ್ಲಾಸು ಓದಿದ ಒಲೆಯಾಳು ಅವನು. ಅವನ ತಾಯಿ ತೀರಿಕೊಂಡಾಗ ಮುಸ್ಲಿಮರಾದ ಊರಿನವರು ಈ ನಂಬಿಕೆಯ ಕಾರಣಕ್ಕೆ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಗುಡ್ಡದ ಬದಿಯ ಹೆಪ್ಪುಗಟ್ಟಿದ ಮಣ್ಣನ್ನು ಹಾರೆಯಲ್ಲಿ ಒಡೆದು ಅವನೇ ಗುಂಡಿ ತೋಡಿದ್ದ. ಅಂಥದ್ದನ್ನೆಲ್ಲ ತಡೆದುಕೊಂಡವನಿಗೆ ಒಳಗಿನಿಂದ ಬರುವ ತೊಂದರೆ ಹೇಗಿರುತ್ತದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ತೊಂದರೆ ಬಂದದ್ದು ಮೆದೆರ್‌ನಿಂದ. ಇಪ್ಪತ್ತೊಂಬತ್ತರ ಹುಡುಗ, ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ, ಒಳ್ಳೆಯವನು. ಯಾರ ಮನೆಯಲ್ಲಿ ಕಾಯಿಲೆ ಅಂದರೂ ಮೊದಲು ಹೋಗಿ ನಿಲ್ಲುತ್ತಿದ್ದವನೇ ಅವನು. ಶರತ್ಕಾಲದ ಕೊನೆಯಲ್ಲಿ ರಾಜಧಾನಿಗೆ ಹೋಗಿ ಯಾರದೋ ಹತ್ತು ದಿನದ ಶಿಬಿರದಲ್ಲಿ ಕೂತು ಬಂದ. ಬರುವಾಗ ಕಂಕುಳಲ್ಲಿ ದೊಡ್ಡ ಹಾಳೆಗಳ ಸುರುಳಿ. ಪ್ರತಿ ಹಾಳೆಯಲ್ಲೂ ಏಳು ಸಾಲು.

"ನಮ್ಮ ಕಷ್ಟ ಯಾಕೆ ತೀರಲ್ಲ ಗೊತ್ತಾ?" ಅಂದ ಆ ಭಾನುವಾರ. ಕಣ್ಣು ಹೊಳೆಯುತ್ತಿತ್ತು. "ನಾವು ನಂಬಿದ್ವಿ, ಸರಿ. ಆದರೆ ನಮ್ಮ ಏಳು ತಾತಂದಿರ ಪಾಪ ನಮ್ಮ ರಕ್ತದಲ್ಲೇ ಉಳಿದಿದೆ. ಒಬ್ಬೊಬ್ಬರ ಹೆಸರು ಹಿಡಿದು, ಅವರ ಪಾಪ ಹೇಳಿ, ಉಪವಾಸ ಮಾಡಿ ಕತ್ತರಿಸ್ಬೇಕು. ತಾಯಿ ಕಡೆ ಏಳು, ತಂದೆ ಕಡೆ ಏಳು. ಒಂದು ಹೆಸರು ತಪ್ಪಿದ್ರೂ ಶಾಪ ಅದೇ ಕಿಂಡೀಲಿ ಒಳಗೆ ಬರುತ್ತೆ."

ಏಳು ತಲೆಮಾರಿನ ತಾತಂದಿರ ಹೆಸರು ಬಾರದವನು ಗುಲಾಮ ಅನ್ನುವ ನಾಡು ಅದು. ಶಾಲೆಗೆ ಹೋಗುವ ಮೊದಲೇ ಮಕ್ಕಳು ತಂದೆ ಕಡೆಯ ಏಳು ಹೆಸರು ಒಪ್ಪಿಸುತ್ತವೆ. ಹಾಗಾಗಿ ಮೆದೆರ್‌ನ ಮಾತು ಹೊಸದು ಅಂತ ಯಾರಿಗೂ ಅನ್ನಿಸಲಿಲ್ಲ, ತಮಗೆ ಮೊದಲೇ ಗೊತ್ತಿದ್ದದ್ದು ಅನ್ನಿಸಿತು. ಎಲ್ಲರೂ ಪೆನ್ನು ತೆಗೆದುಕೊಂಡರು.

ಇಶೆನಾಲಿಯೂ ತೆಗೆದುಕೊಂಡ. ಅದು ಅವನು ಯಾರಿಗೂ ಹೇಳದ ನಾಚಿಕೆ. ಮೊದಲ ಸಾಲಿನಲ್ಲಿ ಅಪ್ಪನ ಹೆಸರು ಬರೆದು ಮುಂದೆ "ಸಿಟ್ಟು, ಹೆಂಡತಿಗೆ ಹೊಡೆತ" ಎಂದು ಬರೆದಾಗ ಎದೆ ಹಗುರಾಯಿತು. ಅಯ್ಯೋ, ನನ್ನ ಸಿಟ್ಟು ನನ್ನದಲ್ಲ, ಅಲ್ಲಿಂದ ಹರಿದು ಬಂದದ್ದು ಎಂದು ಒಂದು ವಾರ ಸುಖವಾಗಿ ಓಡಾಡಿದ. ಸೊನುನ್ ಆ ಹಾಳೆ ಓದಿ ಮಡಿಚಿಟ್ಟಳು.

"ನಿಮ್ಮಪ್ಪ ಸತ್ತು ಹದಿನೆಂಟು ವರ್ಷ ಆಯ್ತು," ಅಂದಳು. "ನಿನ್ನೆ ಚಹಾ ಆರಿದೆ ಅಂತ ಬಟ್ಟಲು ಕುಕ್ಕಿದ್ದು ನೀವು. ಮೊದಲಾದ್ರೆ ಸಂಜೆ ಒಳಗೆ ಬಂದು ತಪ್ಪಾಯ್ತು ಅನ್ನೋರು. ಈಗ ಅಪ್ಪನ ಮೇಲೆ ಹೇಳಿ ಆರಾಮಾಗಿದೀರಿ."

ಇಶೆನಾಲಿ ತನ್ನ ಹಾಳೆಯನ್ನು ಒಲೆಗೆ ಹಾಕಿದ. ಅಂದೇ ಸಭೆಯಲ್ಲಿ ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಮೆದೆರ್ ಓದಿಕೊಂಡು ಬಂದವನು, ತಾನು ಯಾರು? ಜಗಳ ಎದ್ದರೆ ಇರುವ ಹನ್ನೊಂದು ಜನವೂ ಚದುರಿಹೋಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಅವನಿಗೆ ದಣಿವು. ನಾಳೆ ನೋಡೋಣ, ಮುಂದಿನ ವಾರ ನೋಡೋಣ ಅಂದುಕೊಂಡೇ ಮೂರು ತಿಂಗಳು ಕಳೆಯಿತು.

ಆ ಮೂರು ತಿಂಗಳಲ್ಲಿ ಸಭೆ ಬೇರೆಯೇ ಆಗಿಹೋಯಿತು. ಹಿಂದೆ ಒಬ್ಬರ ಮನೆಯಲ್ಲಿ ಹುಲ್ಲು ಕೊಯ್ಲಾದರೆ ಉಳಿದವರು ಕುಡುಗೋಲು ಹಿಡಿದು ಹೋಗುತ್ತಿದ್ದರು, ಹಸು ಕರು ಹಾಕಿದರೆ ಹೋಗಿ ಕೂರುತ್ತಿದ್ದರು. ಈಗ ಎಲ್ಲರಿಗೂ ತಮ್ಮ ತಮ್ಮ ಹಾಳೆಯದೇ ಚಿಂತೆ. ಒಬ್ಬರ ಮುಖ ಒಬ್ಬರು ನೋಡುವ ರೀತಿಯೂ ಬದಲಾಯಿತು. ಇವನ ತಾತ ಕುದುರೆ ಕಳ್ಳನಂತೆ, ಅವಳ ಮುತ್ತಜ್ಜಿ ಕಲ್ಲು ಹಾಕಿ ಕಣಿ ಹೇಳುತ್ತಿದ್ದಳಂತೆ. ಬಾತ್ಮಾ ಅನ್ನುವ ಎಪ್ಪತ್ತರ ವಿಧವೆಯ ಪಕ್ಕ ಕೂರಲು ಒಬ್ಬಳು ಹಿಂಜರಿದಳು, ಅವಳ ವಂಶದಲ್ಲಿ ಮಂತ್ರವಾದಿ ಇದ್ದನೆಂದು.

"ಕೂತ್ಕೊಳೇ, ಹಾರಿ ಬಂದು ಹತ್ತಿಕೊಳ್ಳೋಕೆ ಅವನೇನು ಹೇನಾ?" ಅಂದಳು ಬಾತ್ಮಾ. "ಆರನೇ ತಾತ ಏನ್ ಮಾಡಿದ್ನೋ ನಾ ಕಾಣೆ. ನನ್ನ ಮೊಣಕಾಲು ನೋಯೋದು ಮಾತ್ರ ಕಂಡಿದೀನಿ. ಯಾರಾದ್ರೂ ಆ ಕೊಡ ನೀರು ತಂದು ಕೊಟ್ರೆ ಶಾಪ ಅರ್ಧ ಇಳೀತದೆ."

ಕೆಲವರು ನಕ್ಕರು. ನೀರು ಮಾತ್ರ ಯಾರೂ ತಂದುಕೊಡಲಿಲ್ಲ.

ಎಲ್ಲರಿಗಿಂತ ಹೆಚ್ಚು ಬಳಲಿದವಳು ಕಲೀಚಾ. ಮೂವತ್ತನಾಲ್ಕು ವಯಸ್ಸು, ಹಾಲಿನ ಡೇರಿಯಲ್ಲಿ ಕೆಲಸ. ಮೂರು ಸಲ ಬಸಿರಾಗಿ ಮೂರು ಸಲವೂ ನಿಂತಿರಲಿಲ್ಲ. ಗಂಡ ಜಿರ್ಗಲ್ ನಂಬಿದವನಲ್ಲ. ಹೆಂಡತಿಯನ್ನು ತಡೆಯುತ್ತಲೂ ಇರಲಿಲ್ಲ, ಜೊತೆಗೆ ಬರುತ್ತಲೂ ಇರಲಿಲ್ಲ. ಮೆದೆರ್ ಅವಳಿಗೆ, "ಅಕ್ಕ, ನಿಮ್ಮದು ತಾಯಿ ಕಡೆಯಿಂದ ಬಂದಿರೋದು. ಅಲ್ಲೇ ಯಾರೋ ಅಡಗಿದಾನೆ" ಅಂದಿದ್ದ. ತಂದೆ ಕಡೆಯ ಏಳೂ ಅವಳಿಗೆ ಬಾಯಿಪಾಠ. ತಾಯಿ ಕಡೆ ಐದು ಹೆಸರಿಗೆ ನಿಂತಿತ್ತು. ವಾರಕ್ಕೆ ಮೂರು ದಿನ ಉಪವಾಸ ಮಾಡುತ್ತಿದ್ದಳು. ಕೆನ್ನೆ ಇಳಿದು, ಡೇರಿಯ ಕ್ಯಾನನ್ನು ನಡುವೆ ಇಳಿಸಿ ಇಳಿಸಿ ಒಯ್ಯುತ್ತಿದ್ದಳು.

ಮಾರ್ಚಿನ ಒಂದು ಬುಧವಾರ ಅವಳು ಒಲೆಮನೆಯ ಬಾಗಿಲಿಗೇ ಬಂದು ನಿಂತಳು. "ಅಣ್ಣ, ನಾಳೆ ಎಚ್ಕಿಲಿಗೆ ಹೋಗ್ತೀನಿ. ನಮ್ಮಮ್ಮನ ಚಿಕ್ಕಪ್ಪ ಇನ್ನೂ ಇದಾರೆ ಅಲ್ಲಿ, ಎಂಬತ್ತೆಂಟು. ಅವರಿಗೆ ಎಲ್ಲ ಹೆಸರೂ ಗೊತ್ತಿರುತ್ತೆ. ಜಿರ್ಗಲ್ ಬರಲ್ಲ ಅಂದ. ಘಟ್ಟದಲ್ಲಿ ಒಬ್ಬಳೇ ಹೋಗೋಕೆ ಭಯ. ನೀವು ಬರ್ತೀರಾ?"

ಬೇಡ ಕಣಮ್ಮಾ ಅನ್ನಬೇಕಿತ್ತು. ಅದಕ್ಕೆ ಕಾರಣ ವಿವರಿಸಬೇಕಾಗುತ್ತಿತ್ತು. ಬರುತ್ತೇನೆ ಅನ್ನುವುದೇ ಸುಲಭವೆನಿಸಿ, "ಹೂಂ" ಅಂದ.

ಗುರುವಾರ ಶಾಲೆಯ ಕಾವಲುಗಾರನಿಗೆ ಒಲೆ ಒಪ್ಪಿಸಿ ಇಬ್ಬರೂ ಬಾಡಿಗೆ ವ್ಯಾನು ಹತ್ತಿದರು. ಘಟ್ಟದ ಮೇಲೆ ಇನ್ನೂ ಹಿಮ ಇತ್ತು. ಮೂರನೆಯ ತಿರುವಿನಲ್ಲಿ ಕಲೀಚಾ ಡ್ರೈವರನ ಭುಜ ತಟ್ಟಿ ಗಾಡಿ ನಿಲ್ಲಿಸಿ, ಇಳಿದು ರಸ್ತೆ ಬದಿಯಲ್ಲಿ ವಾಂತಿ ಮಾಡಿದಳು. ಹೊಟ್ಟೆಯಲ್ಲಿ ಏನೂ ಇಲ್ಲದೆ ಬರಿಯ ಹಳದಿ ನೀರು ಬಂತು. ಇಶೆನಾಲಿ ನಾಲ್ಕು ಮಕ್ಕಳ ತಂದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡದ್ದನ್ನು ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು.

"ಎಷ್ಟು ತಿಂಗಳು?"

"ಎರಡು ದಾಟ್ತು."

"ಊಟ ಯಾವಾಗ ಮಾಡಿದ್ದೆ?"

ಅವಳು ಹಿಮ ತೆಗೆದು ಬಾಯಿ ಒರೆಸಿಕೊಂಡಳು. "ಸೋಮವಾರ."

"ಜಿರ್ಗಲ್‌ಗೆ ಗೊತ್ತಾ?"

"ಮಗು ವಿಷಯ ಗೊತ್ತು. ಉಪವಾಸ ಗೊತ್ತಿಲ್ಲ. ಡೇರೀಲಿ ತಿಂದು ಬಂದೆ ಅಂತೀನಿ." ಆಮೇಲೆ ಬೇಗ ಬೇಗ ಹೇಳಿದಳು, "ಬೈಬೇಡಿ ಅಣ್ಣ. ಈ ಸಲ ನಿಲ್ಬೇಕು. ಇವತ್ತು ಆ ಎರಡು ಹೆಸರು ಸಿಕ್ರೆ ಸಾಕು, ನಾಳೆ ತಿಂತೀನಿ."

ಅವನು ಬೈಯಲಿಲ್ಲ. ಗಾಡಿ ಹತ್ತಿ ಕೂತ ಮೇಲೆ ಕಿಟಕಿಯ ಗಾಜಿಗೆ ಹಣೆ ಒತ್ತಿದ. ನನ್ನ ಮನೆಯ ಕಂಬಳಿಯ ಮೇಲೆ ಕೂತೇ ಇವಳು ಇದನ್ನು ಕಲಿತದ್ದು, ನಾನು ಅಲ್ಲೇ ಇದ್ದೆ, ಚಹಾ ಕುಡಿಯುತ್ತಿದ್ದೆ ಅಂದುಕೊಂಡ.

ಎಚ್ಕಿಲಿಯಲ್ಲಿ ತುರ್ದುಬಾಯ್ ಅಜ್ಜ ಬಿಳಿಯ ಉಣ್ಣೆ ಟೊಪ್ಪಿಗೆ ಹಾಕಿಕೊಂಡು ಬಿಸಿಲಿಗೆ ಕೂತಿದ್ದ. ಕಿವಿ ಮಂದ, ನಾಲಿಗೆ ಚುರುಕು. ಮೊಮ್ಮಗಳನ್ನು ಒಳಗೆ ಕರೆದು, ಹಣೆಗೆ ಮುತ್ತಿಟ್ಟು, ಸೊಸೆಗೆ ಕೂಗಿ ಹೇಳಿ ಊಟದ ಹಾಸು ಹಾಸಿಸಿದ. ರೊಟ್ಟಿ, ಕೆನೆ, ಬೆಣ್ಣೆ, ಬೇಯಿಸಿದ ಕುರಿಮಾಂಸ, ಚಹಾ ಎಲ್ಲ ಬಂತು. ಕಲೀಚಾ ಕೈ ಮಡಿಲಲ್ಲೇ ಇಟ್ಟುಕೊಂಡು ಕೂತಳು.

"ಅಜ್ಜ, ಅಮ್ಮನ ಕಡೆ ಆರು ಮತ್ತೆ ಏಳನೇ ತಾತನ ಹೆಸರು ಬೇಕು. ಅವರೇನಾದ್ರೂ ಕೆಟ್ಟ ಕೆಲಸ ಮಾಡಿದ್ರಾ, ಅದೂ ಹೇಳಿ."

"ಕೆಟ್ಟ ಕೆಲಸಾನಾ?" ಅಜ್ಜನಿಗೆ ಖುಷಿಯಾಯಿತು. "ಯಾವುದು ಬೇಕು ಹೇಳು. ನಾಲ್ಕನೆಯವನು ಮೂರು ಸಲ ಕುದುರೆ ಕದ್ದ, ಎರಡು ಸಲ ಸಿಕ್ಕಿಬಿದ್ದ. ಐದನೆಯವನು ಸೋಮಾರಿ, ಆದ್ರೆ ಹಾಡ್ತಿದ್ದ. ಆರನೆಯವನು ಜಾನಿಬೆಕ್. ಬರಗಾಲದಲ್ಲಿ ತನ್ನ ಕೊನೇ ಕುರೀನ ಕೊಯ್ದು ದಾರಿಹೋಕರಿಗೆ ಹಾಕಿದ, ಹೆಂಡತಿ ಕೈಲಿ ಒದೆ ತಿಂದ. ಇದ್ಯಾಕೆ ಬೇಕು ನಿಂಗೆ?"

"ಅವರ ಪಾಪ ನನ್ನ ಮಕ್ಕಳನ್ನ ತಿಂತಿದೆ ಅಜ್ಜ. ಏಳನೆಯವರು?"

ಅಜ್ಜ ತುಸು ಹೊತ್ತು ಬಾಯಿ ಆಡಿಸಿದ. "ಏಳನೆಯವನು ತಾಬಿಲ್ದಿ."

ಕಲೀಚಾ ಚೀಟಿ ತೆಗೆದು ಬರೆದುಕೊಳ್ಳತೊಡಗಿದಳು. ಇಶೆನಾಲಿ ತಲೆಯೆತ್ತಿದ. ತಾಬಿಲ್ದಿ ಅಂದರೆ ಸಿಕ್ಕಿದವನು.

"ಹೌದು, ಸಿಕ್ಕಿದ ಮಗು," ಅಂದ ಅಜ್ಜ. "ಯಾವುದೋ ದಾಳಿ ನಡೆದ ವರ್ಷ, ಘಟ್ಟದ ಮೇಲೆ ಸತ್ತ ಒಂಟೆ ಪಕ್ಕ ಬಿದ್ದಿತ್ತಂತೆ. ನಮ್ಮವಳೊಬ್ಬಳು, ಆಗತಾನೆ ತನ್ನ ಕೂಸನ್ನ ಮಣ್ಣು ಮಾಡಿ ಬಂದವಳು, ಎತ್ತಿ ಎದೆಗೆ ಹಾಕ್ಕೊಂಡ್ಳು. ಯಾರ ಮಗು, ಯಾವ ಜನ, ದೇವರಿಗೇ ಗೊತ್ತು."

"ಹಾಗಾದ್ರೆ ಅವನ ಹಿಂದೆ? ಅವನ ಪಾಪ ಏನು?"

"ಪಾಪಾನಾ? ಹಸಿವಾಗಿತ್ತು, ಅತ್ತ. ಅದೇ ಪಾಪ."

ಕಲೀಚಾಳ ಪೆನ್ನು ನಿಂತಿತು. ಚೀಟಿಯನ್ನೇ ನೋಡುತ್ತ ಕೂತಳು. ಇಷ್ಟು ದಿನ ಹುಡುಕಿ ಬಂದ ದಾರಿ ಅಲ್ಲಿಗೆ ಮುಗಿದುಹೋಗಿತ್ತು. ಅದರಾಚೆ ಕೇಳಲು ಯಾರೂ ಇರಲಿಲ್ಲ, ಉಪವಾಸ ಮಾಡಲು ಹೆಸರೂ ಇರಲಿಲ್ಲ.

ಅಜ್ಜ ರೊಟ್ಟಿಯನ್ನು ಅವಳ ಕಡೆ ತಳ್ಳಿದ. "ತಗೋ. ಬಂದಾಗಿಂದ ನೋಡ್ತಿದೀನಿ, ಮುಟ್ಟಿಲ್ಲ. ರೊಟ್ಟಿ ಮುಟ್ಟದೆ ಈ ಹೊಸ್ತಿಲು ದಾಟಿದವರು ಯಾರೂ ಇಲ್ಲ, ನೀನು ಮೊದಲನೆಯವಳಾಗ್ಬೇಡ." ಆಮೇಲೆ ಇಶೆನಾಲಿಯ ಕಡೆ ತಿರುಗಿದ. "ನೀನೇನಪ್ಪ ಇವರ ಮುಲ್ಲಾ? ನಿಮ್ಮ ಈಸಾ, ಅದೇ ಯೇಸು, ಎಲ್ಲರ ಪಾಪಾನೂ ಹೊತ್ತ ಅಂತ ನಮ್ಮ ಅಕ್ಕನ ಮಗಳೊಬ್ಬಳು ಹತ್ತು ವರ್ಷದ ಹಿಂದೆ ಇಲ್ಲೇ ಕೂತು ನನ್ನ ಕಿವಿ ಕೊರೆದಿದ್ಳು. ಹೊತ್ತಿದ್ದು ನಿಜ ಆದ್ರೆ ಈ ಹುಡುಗಿ ಯಾಕೆ ಇನ್ನೂ ಮೂಟೆ ಹುಡುಕ್ತಿದಾಳೆ?"

ಮುದುಕ ಅಣಕಿಸಿಯೇ ಕೇಳಿದ್ದ. ಆದರೆ ಇಶೆನಾಲಿಗೆ ತನ್ನ ಇಪ್ಪತ್ತೆರಡು ವರ್ಷದ ನಂಬಿಕೆಯನ್ನು ಯಾರೋ ಕಪಾಳಕ್ಕೆ ಹೊಡೆದು ಎಬ್ಬಿಸಿದ ಹಾಗಾಯಿತು.

"ತಿನ್ನು ತಂಗಿ," ಅಂದ.

"ಮೆದೆರ್ ಹೇಳಿದಾನೆ, ನಡುವೆ ನಿಲ್ಲಿಸಿದ್ರೆ ಇನ್ನೂ ಕೆಟ್ಟದಾಗುತ್ತೆ ಅಂತ..."

"ಈಗ ನಾನು ಹೇಳ್ತಿದೀನಿ. ಮೂರು ತಿಂಗಳ ಹಿಂದೇನೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅದು ನನ್ನ ತಪ್ಪು. ನಮ್ಮಪ್ಪಂದೂ ಅಲ್ಲ, ತಾತಂದೂ ಅಲ್ಲ. ನನ್ನದು." ರೊಟ್ಟಿ ಎತ್ತಿ ಅವಳ ಕೈಗಿಟ್ಟ. "ಶಿಲುಬೆ ಮೇಲೆ ಮುಗಿದುಹೋದದ್ದನ್ನ ನೀನು ಹಸಿದು ಮುಗಿಸ್ಬೇಕಾಗಿಲ್ಲ. ತಿನ್ನು."

ಕಲೀಚಾ ರೊಟ್ಟಿ ಮುರಿದಳು. ಮೊದಲ ತುತ್ತು ನುಂಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಅಳುತ್ತ ಅಳುತ್ತಲೇ ಅರ್ಧ ರೊಟ್ಟಿ, ಮಾಂಸ, ಎರಡು ಬಟ್ಟಲು ಚಹಾ ಮುಗಿಸಿದಳು. "ಹಾಂ, ಇದು ನಮ್ಮ ಸೋಮಾರಿ ತಾತನ ರಕ್ತ," ಅಂದ ಅಜ್ಜ.

ಆ ಭಾನುವಾರ ಹಾಡು ಮುಗಿದ ಮೇಲೆ ಇಶೆನಾಲಿ ಕುಳಿತಲ್ಲಿಂದಲೇ ಮಾತು ತೆಗೆದ.

"ಈ ಹಾಳೆಗಳು ಇನ್ನು ಈ ಮನೇಲಿ ಬೇಡ," ಅಂದ. "ನಾನೂ ಬರೆದಿದ್ದೆ. ಬರೆದ ಮೇಲೆ ಒಂದು ಸಲಾನೂ ನನ್ನ ಸಿಟ್ಟಿಗೆ ನಾನು ದೇವರ ಹತ್ರ ಕ್ಷಮೆ ಕೇಳ್ಲಿಲ್ಲ, ಹೆಂಡತಿ ಹತ್ರಾನೂ ಕೇಳ್ಲಿಲ್ಲ. ಅಷ್ಟು ಆರಾಮ ಕೊಟ್ಟಿತ್ತು ಅದು. ನಮ್ಮಲ್ಲಿ ಯಾರು ಬೆಳೆದಿದಾರೆ ಹೇಳಿ ಈ ಮೂರು ತಿಂಗಳಲ್ಲಿ? ಬಾತ್ಮಾ ಅಜ್ಜಿಗೆ ಒಂದು ಕೊಡ ನೀರು ತಂದುಕೊಟ್ಟವರು ಯಾರು? ನಮ್ಮೊಳಗೆ ಒಬ್ಬಳು ಹಸಿದು ಸಾಯೋ ಹಾಗಾಗಿದ್ಳು, ನಾವು ಹೆಸರು ಹುಡುಕ್ತಾ ಕೂತಿದ್ವಿ. ಯೇಸು ಸಾಕು ಅಂತ ಹೇಳ್ತೀವಿ, ಏಳು ತಾತಂದಿರನ್ನ ಪಕ್ಕದಲ್ಲಿ ಕೂರಿಸ್ಕೋತೀವಿ."

ಮೆದೆರ್‌ನ ಮುಖ ಕೆಂಪಾಯಿತು. "ಅಣ್ಣ, ನೀವು ಓದಿಲ್ಲ, ಅದಕ್ಕೇ..."

"ಓದಿಲ್ಲ. ಒಪ್ತೀನಿ. ಹುಟ್ಟುಕುರುಡನನ್ನ ತೋರಿಸಿ, ಇದು ಯಾರ ಪಾಪ ಅಂತ ಶಿಷ್ಯರು ಕೇಳಿದಾಗ ಯೇಸು ಏನು ಹೇಳಿದ ಅನ್ನೋದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಇವನದೂ ಅಲ್ಲ, ಇವನ ಹೆತ್ತವರದೂ ಅಲ್ಲ ಅಂತ."

ಮೆದೆರ್ ಬೇರೆಯದನ್ನೇ ಕೇಳಿದ. "ಹಾಗಾದ್ರೆ ನಮ್ಮಪ್ಪ ಯಾಕೆ ಕುಡಿದು ಸತ್ತ? ಈಗ ನನ್ನ ತಮ್ಮ ಯಾಕೆ ಕುಡೀತಿದಾನೆ? ಎಷ್ಟು ಪ್ರಾರ್ಥನೆ ಮಾಡಿದೀನಿ ಗೊತ್ತಾ ನಿಮಗೆ? ಶಾಪ ಇಲ್ಲ ಅಂದ್ರೆ ಮತ್ತೇನು? ಹೇಳಿ!"

ಇಶೆನಾಲಿಗೆ ತನ್ನಲ್ಲಿ ಉತ್ತರ ಇದೆ ಎಂದು ನಟಿಸುವಷ್ಟು ಚೈತನ್ಯವಿರಲಿಲ್ಲ. "ಗೊತ್ತಿಲ್ಲ ಮೆದೆರ್," ಅಂದ. "ನಿನ್ನ ಜೊತೆ ಬಂದು ಅವನ ಹತ್ರ ಕೂರ್ತೀನಿ, ಬೇಕಾದ್ರೆ ದಿನಾ ಬರ್ತೀನಿ. ಯಾಕೆ ಅನ್ನೋದು ಗೊತ್ತಿಲ್ಲ."

ಮೆದೆರ್ ತನ್ನ ಹಾಳೆಗಳನ್ನು ಸುತ್ತಿಕೊಂಡು ಎದ್ದ. ಅವನ ಹಿಂದೆ ಮೂವರು ಎದ್ದರು. ಬಾಗಿಲಲ್ಲಿ ಬೂಟು ಹಾಕಿಕೊಂಡು ಹೊರಟುಹೋದರು.

ಅವರು ಹೋದ ಹತ್ತೊಂಬತ್ತನೆಯ ದಿನ ಕಲೀಚಾಳಿಗೆ ರಕ್ತ ಹೋಗತೊಡಗಿತು. ಜಿರ್ಗಲ್ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದ. ಮಗು ನಿಲ್ಲಲಿಲ್ಲ.

ಊರಲ್ಲಿ ಮಾತು ಹರಿದಾಡಲು ಅರ್ಧ ದಿನ ಸಾಕಾಯಿತು. ನಡುವೆ ಉಪವಾಸ ಬಿಡಿಸಿದ, ಶಾಪ ತಿರುಗಿಬಿತ್ತು ಎಂದು ಹೋದವರಲ್ಲಿ ಒಬ್ಬಳು ಬಾವಿಕಟ್ಟೆಯಲ್ಲಿ ಹೇಳಿದಳಂತೆ. ಇಶೆನಾಲಿ ಅದನ್ನು ಕೇಳಿ ಸಲಿಕೆಗೆ ಒರಗಿ ನಿಂತ. ನಿಜವಿದ್ದರೆ? ನಾನೇ ತಪ್ಪಿದ್ದರೆ? ಎಂಟನೆಯ ಕ್ಲಾಸಿನವನ ಧೈರ್ಯ ಎಷ್ಟು ದೂರ ನಡೆದೀತು? ಮೂರು ದಿನ ಅವನಿಗೆ ಪ್ರಾರ್ಥನೆಯೂ ಬರಲಿಲ್ಲ.

"ಎದ್ದು ಅವಳ ಮನೆಗೆ ಹೋಗಿ," ಅಂದಳು ಸೊನುನ್. "ಇಲ್ಲಿ ಗೋಡೆ ನೋಡ್ತಾ ಕೂತು ಯಾರಿಗೆ ಏನು ಬಂತು?"

"ಏನಂತ ಹೇಳ್ಲಿ?"

"ಏನೂ ಹೇಳ್ಬೇಡಿ. ಆಡಿದ್ದು ಸಾಕು. ಸುಮ್ನೆ ಹೋಗಿ."

ಕಲೀಚಾ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಮುಖ ಬಿಳಿಚಿತ್ತು. ಅವನು ಸ್ಟೂಲಿನ ಮೇಲೆ ಕೂತು, ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸುತ್ತ, ಬೇಡವೆಂದಿದ್ದ ಮಾತನ್ನೇ ಆಡಿದ. "ತಂಗಿ, ನಾನು ಹೇಳಿದ್ದಕ್ಕೆ ಹೀಗಾಯ್ತು ಅಂತ ನಿನಗೇನಾದ್ರೂ..."

"ಇಲ್ಲ ಅಣ್ಣ." ಅವಳು ನಾದುವುದನ್ನು ನಿಲ್ಲಿಸಲಿಲ್ಲ. "ಡಾಕ್ಟರು ಹೇಳಿದ್ರು, ಗರ್ಭಕೋಶದಲ್ಲೇ ಏನೋ ತೊಂದರೆ ಇದೆ, ಮೊದಲೇ ತೋರಿಸ್ಬೇಕಿತ್ತು ಅಂತ. ನಾನು ತೋರಿಸಿರ್ಲಿಲ್ಲ. ಹೆಸರು ಹುಡುಕ್ತಿದ್ದೆ." ಹಿಟ್ಟನ್ನು ಮಗುಚಿ ಒತ್ತಿದಳು. "ಮೊದಲನೇದು ಹೋದಾಗ ನನ್ನನ್ನೇ ಬೈಕೊಂಡೆ. ಎರಡನೇದಕ್ಕೆ ಜಿರ್ಗಲ್‌ನ ಬೈದೆ. ಮೂರನೇದಕ್ಕೆ ಸತ್ತ ಅಜ್ಜೀನ. ಈ ಸಲ ಬೈಯೋಕೆ ಯಾರೂ ಇರ್ಲಿಲ್ಲ. ಬರೀ ಅತ್ತೆ, ದೇವರ ಮುಂದೆ ಕೂತು. ನಾಲ್ಕರಲ್ಲಿ ಇದೇ ಹಗುರ ಅನ್ನಿಸ್ತು ಅಣ್ಣ. ನೋವು ಅಷ್ಟೇ ಇದೆ. ಆದ್ರೂ ಹಗುರ."

ಇಶೆನಾಲಿ ತಲೆಬಗ್ಗಿಸಿದ. ಒಂಬತ್ತು ವರ್ಷದಲ್ಲಿ ಅವನು ಮಾಡಿದ ಯಾವ ಉಪದೇಶವೂ ಇಷ್ಟು ದೂರ ಹೋಗಿರಲಿಲ್ಲ. ಅವಳು ಊಟಕ್ಕೆ ಎಬ್ಬಿಸುವವರೆಗೂ ಹಾಗೇ ಕೂತಿದ್ದ.

ಮುಂದಿನ ಭಾನುವಾರ ಏಳು ಜನ ಸೇರಿದರು. ಕಲೀಚಾಳನ್ನು ಗಾಡಿಯಲ್ಲಿ ಕರೆತಂದ ಜಿರ್ಗಲ್ ಮೊದಲು ಹೊರಗೇ ಕೂತಿದ್ದ. ಸೊನುನ್ ಹೋಗಿ, "ಒಳಗೆ ಬಾರಯ್ಯ, ಚಹಾ ಯಾರನ್ನೂ ಧರ್ಮಕ್ಕೆ ಸೇರಿಸಲ್ಲ" ಅಂದ ಮೇಲೆ ಬಂದು ಬಾಗಿಲ ಬಳಿ ಕೂತ. ಬಾತ್ಮಾ ಅವನಿಗೆ ಜಾಗ ಮಾಡಿಕೊಟ್ಟು, "ನಮ್ಮ ಮಂತ್ರವಾದಿ ತಾತ ಈ ಕಡೆ, ನೀನು ಆ ಕಡೆ" ಅಂದಳು.

ಯಾರು ಪ್ರಾರ್ಥಿಸುತ್ತೀರಿ ಎಂದಾಗ ಕಲೀಚಾ ಮುಂದಾದಳು. ತನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮೆದೆರ್‌ನ ತಮ್ಮನ ಹೆಸರು ಹಿಡಿದು, ಅವನು ಕುಡಿತ ಬಿಡಲಿ ಎಂದಳು. ಮೆದೆರ್ ಒಬ್ಬನೇ ಹೊತ್ತು ಸಾಯದಿರಲಿ, ಯಾರಾದರೂ ಅವನ ಜೊತೆಗಿರುವ ಹಾಗೆ ಮಾಡು ಎಂದಳು. ನಾಳೆ ಸಂಜೆ ತಾನೂ ಇಶೆನಾಲಿ ಅಣ್ಣನೂ ಅವರ ಮನೆಗೆ ಹೋಗುತ್ತೇವೆ, ಬಾಗಿಲು ತೆಗೆಸು ಎಂದೂ ಕೇಳಿದಳು. ಇಶೆನಾಲಿಯನ್ನು ಕೇಳದೆಯೇ ಅವನ ಪರವಾಗಿ ಒಪ್ಪಿಕೊಂಡಿದ್ದಳು.

ಎಲ್ಲರೂ ಆಮೆನ್ ಅಂದರು. ಇಶೆನಾಲಿ ಅನ್ನಲಿಲ್ಲ. ಗೋಡೆಗೆ ಒರಗಿ, ಬಾಯಿ ಅರೆತೆರೆದು, ನಿದ್ದೆ ಹೋಗಿದ್ದ. ಜಿರ್ಗಲ್ ನಗು ತಡೆದುಕೊಂಡ. ಸೊನುನ್ ಗಂಡನ ಹೆಗಲ ಮೇಲೆ ತನ್ನ ಶಾಲು ಹೊದಿಸಿ, ಬಟ್ಟಲುಗಳು ಸದ್ದಾಗದ ಹಾಗೆ ಚಹಾ ಬಗ್ಗಿಸತೊಡಗಿದಳು.